ಕುಲೆಬ್ಯಾಕಾದ ಮರುದಿನ

ಸಾಲ್ಮನ್ ಮೀನು, ಅನ್ನ, ಮೊಟ್ಟೆಗಳನ್ನು ಹಿಟ್ಟಿನ ಹೊದಿಕೆಯೊಳಗೆ ಮುಚ್ಚಿ ಬೇಯಿಸುವ ರಷ್ಯಾದ ಕುಲೆಬ್ಯಾಕಾ ಬಗ್ಗೆ ಬರೆಯುವವರಲ್ಲಿ ಬಹಳಷ್ಟು ಜನ ಒಂದೇ ರಾಗ ಎಳೆಯುತ್ತಾರೆ: ನೀವು ಮಾಡುತ್ತಿರುವುದು ಅಸಲಿಯಲ್ಲ. ಅಂಗಡಿಯ ಪಫ್ ಪೇಸ್ಟ್ರಿ ತಂದರೆ ಅಸಲಿಯಲ್ಲ, ಒಳಗೆ ತೆಳು ದೋಸೆಗಳ ಪದರ ಬಿಟ್ಟರೆ ಅಸಲಿಯಲ್ಲ. ಮೀನು ತಗ್ಗಿಸಿ ಅನ್ನ ಹೆಚ್ಚಿಸಿದರಂತೂ ಮಹಾಪರಾಧ. ಈ ಮಡಿವಂತರೊಂದಿಗೆ ನನಗೆ ಜಗಳವಿದೆ. ಇವರು ಕಾಪಾಡಲು ಹೊರಟಿರುವುದು ಅಡುಗೆ ಮಾಡಿಸಿಕೊಂಡವರ ಗತ್ತನ್ನು.

ಆ ಗತ್ತಿಗೆ ಸಾಹಿತ್ಯವನ್ನೇ ಸಾಕ್ಷಿಗೆ ಕರೆಯುತ್ತಾರೆ. ಗೊಗೋಲನ 'ಡೆಡ್ ಸೋಲ್ಸ್' ಎರಡನೆಯ ಭಾಗದಲ್ಲಿ ಪೆಟುಖ್ ಎಂಬ ಜಮೀನ್ದಾರ ರಾತ್ರಿ ಹೊತ್ತು ಅಡುಗೆಯವನಿಗೆ ನಾಲ್ಕು ಮೂಲೆಯ ಕುಲೆಬ್ಯಾಕಾ ಮಾಡಲು ಅಪ್ಪಣೆ ಕೊಡುತ್ತಾನೆ, ಮೂಲೆಗೊಂದು ಹೂರಣ. ಗೋಡೆಯಾಚೆ ಮಲಗಿದ್ದ ಅತಿಥಿ ಚಿಚಿಕೋವ್ ಹೊದ್ದುಕೊಂಡರೂ ಆ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ. ಚೆಕಾವ್‌ನ 'ಸೈರನ್' (1887) ಕಥೆಯಲ್ಲಿ ಕೋರ್ಟಿನ ಕಾರ್ಯದರ್ಶಿ ಊಟದ ವರ್ಣನೆಗಿಳಿದರೆ ನ್ಯಾಯಾಧೀಶ ಬರೆಯುತ್ತಿದ್ದ ಹಾಳೆಯೇ ಕೆಡುತ್ತದೆ. ಎರಡೂ ನಗಿಸುವ ಪುಟಗಳು. ಹೊಟ್ಟೆಬಾಕತನವನ್ನು ಗೇಲಿ ಮಾಡಲು ಬರೆದದ್ದನ್ನು ಪಾಕವಿಧಿ ಎಂದು ಓದಿಕೊಂಡರೆ ಲೇಖಕರ ತಪ್ಪೇ? ಪೆಟುಖ್‌ನದು ಜೀತದ ಕಾಲ. ಬೇಡುವ ಬಾಯಿ ಒಂದು, ಒಲೆಯ ಮುಂದೆ ಬೇಯುವ ಮೈ ಇನ್ನೊಂದು.

ಇಷ್ಟಕ್ಕೂ ಯಾವ ಅಸಲಿ? ಹಳೆಯ ಕುಲೆಬ್ಯಾಕಾದಲ್ಲಿ ವ್ಯಾಜಿಗಾ ಇರುತ್ತಿತ್ತು, ಅಂದರೆ ಸ್ಟರ್ಜನ್ ಮೀನಿನ ಬೆನ್ನಿನೊಳಗಿನ ಒಣಗಿಸಿದ ನಾರು. 1903ರಲ್ಲಿ ಪ್ರಕಟವಾದ ಎಸ್ಕೋಫಿಯೆಯ ಪಾಕಗ್ರಂಥದಲ್ಲಿ ಅದೇ ತಿನಿಸು ಫ್ರೆಂಚ್ ವೇಷ ತೊಟ್ಟು, ಬ್ರಿಯೋಷ್ ಹಿಟ್ಟಿನೊಳಗೆ ಸಾಲ್ಮನ್ ತುಂಬಿಕೊಂಡು ಬಂತು. ವ್ಯಾಜಿಗಾ ಕಾಣೆಯಾದಾಗ ಅಳದವರು ಮನೆಯ ಹೆಂಗಸೊಬ್ಬಳು ಒಂದು ಹಿಡಿ ಅನ್ನ ಹೆಚ್ಚು ಹಾಕಿದಾಗ ಮಾತ್ರ ಅಳುತ್ತಾರೆ.

ಆ ಅನ್ನಕ್ಕೆ ಕೆಲಸವಿದೆ. ಬೇಯುವಾಗ ಮೀನಿನಿಂದ ಇಳಿಯುವ ರಸವನ್ನು ಹೀರಿ ತಳದ ಹಿಟ್ಟು ಒದ್ದೆಯಾಗದಂತೆ ಅದು ಕಾಯುತ್ತದೆ. ಐದು ಜನರ ರಾತ್ರಿಯೂಟಕ್ಕೆ ಮುಳ್ಳು ತೆಗೆದ 400 ಗ್ರಾಂ ಸಾಲ್ಮನ್, ಒಂದು ಲೋಟ ಅಕ್ಕಿಯ ಅನ್ನ, ಬೇಯಿಸಿದ ಮೂರು ಮೊಟ್ಟೆ, ಬೆಣ್ಣೆಯಲ್ಲಿ ಬಾಡಿಸಿದ ಈರುಳ್ಳಿ, ಅಣಬೆ, ಧಾರಾಳವಾಗಿ ಸಬ್ಬಸಿಗೆ ಸೊಪ್ಪು ಸಾಕು. ಹೂರಣ ಪೂರ್ತಿ ಆರಬೇಕು, ಬಿಸಿಯಿದ್ದರೆ ಪೇಸ್ಟ್ರಿಯೊಳಗಿನ ಬೆಣ್ಣೆ ಕರಗಿ ಪದರ ಏಳುವುದಿಲ್ಲ. ಮೇಲೆ ಉಗಿ ಹೋಗಲು ಒಂದು ತೂತು. 200 ಡಿಗ್ರಿಯ ಓವನ್‌ನಲ್ಲಿ ಸುಮಾರು 40 ನಿಮಿಷ. ದೋಸೆ ಪದರ ಬೇಕೆನ್ನುವವರು ತಾವೇ ಎದ್ದು ಹುಯ್ಯಲಿ.

ಇನ್ನು ಮರುದಿನದ ಮಾತು. ಪಾಕಗ್ರಂಥಗಳ ಬಣ್ಣದ ಚಿತ್ರಗಳಲ್ಲಿ ಮರುದಿನ ಇರುವುದೇ ಇಲ್ಲ. ನಮ್ಮ ಸಾಹಿತ್ಯ ವಿಮರ್ಶೆಯಲ್ಲೂ 'ತಂಗಳು' ಬೈಗುಳವೇ. ಆದರೆ ತಂಗಳು ಬೇರೆ, ಹಳಸಲು ಬೇರೆ. ಮೀನು, ಅನ್ನ ಎರಡೂ ಇರುವುದರಿಂದ ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ ಮರುದಿನವೇ ಮುಗಿಸಬೇಕು. ಮೈಕ್ರೋವೇವ್‌ಗಿಟ್ಟರೆ ಹೊದಿಕೆ ತೊಗಲಿನಂತಾಗುತ್ತದೆ, ಓವನ್‌ನಲ್ಲಾದರೆ ಮತ್ತೆ ಗರಿಗರಿ. ಹೊದಿಕೆಯೊಳಗೆ ಹಿಡಿಸದೆ ಮಿಕ್ಕ ಹೂರಣವನ್ನು ಮೀನು ಬೇಯುವಂತೆ ಬೆಣ್ಣೆಯಲ್ಲಿ ಮಗುಚಿದರೆ ಅದು ಕೆಜರಿ, ನಮ್ಮ ಖಿಚಡಿ ಬ್ರಿಟಿಷರ ಜೊತೆ ಹಡಗು ಹತ್ತಿ ಆದ ಅವತಾರ. 1861ರ ಮಿಸೆಸ್ ಬೀಟನ್ ಪುಸ್ತಕದ ಕೆಜರಿಗೆ ತಣ್ಣಗಿನ ಯಾವ ಮೀನಾದರೂ ಆದೀತು. ಅದೇ ವರ್ಷ ರಷ್ಯಾದಲ್ಲಿ ಜೀತಪದ್ಧತಿ ರದ್ದಾಯಿತು, ಗೃಹಿಣಿಯರಿಗೆಂದು ಎಲೆನಾ ಮೊಲೊಖೊವೆಟ್ಸ್ ಬರೆದ ಪಾಕಗ್ರಂಥವೂ ಹೊರಬಂತು. ಒಲೆಯ ಮುಂದೆ ಯಾರು ನಿಲ್ಲಬೇಕು ಎಂಬ ಪ್ರಶ್ನೆ ಮಾತ್ರ ರದ್ದಾಗಲಿಲ್ಲ.

ಇದು ಕುಲೆಬ್ಯಾಕಾನೇ ಅಲ್ಲ ಎನ್ನುವವರು ಬೇರೆ ಹೆಸರಿಟ್ಟುಕೊಳ್ಳಲಿ. ಇಡೀ ಮೀನು ತಂದ ಮನೆಯಲ್ಲಿ ತಲೆ, ಮುಳ್ಳು ಇನ್ನೂ ಉಳಿದಿರುತ್ತವೆ. ರಷ್ಯನ್ನರು ಅದರಿಂದ ಉಖಾ ಎಂಬ ತಿಳಿಸಾರು ಕಾಯಿಸುತ್ತಾರೆ.