ಎರಡು ವರ್ಷ ಸಾಲದು

ವಡಾಲದಲ್ಲಿ ಬಾಡಿಗೆ ಮನೆ, ಬ್ಯಾಟರಿ ವಸ್ತುಗಳ ಮೇಲೆ ಪೋಸ್ಟ್‌ಡಾಕ್ ಸಂಶೋಧನೆ. ಪ್ರತಿ ಭಾನುವಾರ ಊರಿನಿಂದ ಅಪ್ಪನ ಫೋನು: "ಕೆಲಸ ಪರ್ಮನೆಂಟ್ ಆಯ್ತೇನೋ?"

ಮುಂಬೈಯಲ್ಲಿ ಅವಕಾಶಕ್ಕೆ ಬರವಿಲ್ಲ. ಪಕ್ಕದ ಮಾಟುಂಗದಲ್ಲಿ ಐಸಿಟಿ, ಪೊವಾಯಿಯಲ್ಲಿ ಐಐಟಿ, ಟ್ರಾಂಬೆಯಲ್ಲಿ ಬಿಎಆರ್‌ಸಿ ಇವೆ. ಸಾಲದಿರುವುದು ಸಮಯ. ಕೇಂದ್ರದ ರಾಷ್ಟ್ರೀಯ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ ಎರಡೇ ವರ್ಷದ್ದು. ಕುಲುಮೆಯ ಹದ ಹಿಡಿದು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಸರದಿಗೆ ಕಾದು ಮೊದಲ ವರ್ಷ ಮುಗಿಯುತ್ತದೆ. ಎರಡನೆಯದು ಮುಂದಿನ ಅರ್ಜಿಗಳಿಗೇ ಹೋಗುತ್ತದೆ.

ಬರ್ಕ್‌ಲಿಯಿಂದ 1959ರಲ್ಲಿ ಮರಳಿದ ಸಿ.ಎನ್.ಆರ್. ರಾವ್ ಅವರಿಗೆ ಬೆಂಗಳೂರಿನ ಐಐಎಸ್‌ಸಿಯಲ್ಲಿ ಉಪನ್ಯಾಸಕ ಹುದ್ದೆ ಸಿಕ್ಕಿತ್ತು. ನಮ್ಮಲ್ಲಿ ಹೆಚ್ಚಿನವರಿಗೆ ಸಿಗುವುದು ಇನ್ನೊಂದು ಫೆಲೋಶಿಪ್.

ಅವಧಿ ಮೂರು ವರ್ಷವಾಗಲಿ. ಅಲ್ಲಿಯವರೆಗೆ, ಊರಿನಿಂದ ಹೊರಡಲಿರುವ ತಮ್ಮ-ತಂಗಿಯರೇ, ಸೇರುವ ಮೊದಲೇ ಮಾರ್ಗದರ್ಶಕರನ್ನು ಕೇಳಿ: ನಿಮ್ಮ ಹಿಂದಿನ ಪೋಸ್ಟ್‌ಡಾಕ್‌ಗಳು ಈಗ ಎಲ್ಲಿದ್ದಾರೆ?