ವಿಮೆಯಿಲ್ಲದ ಗಾಡಿ

ಇ.ಸಿ.ಐ.ಎಲ್. ಚೌಕದಿಂದ ಕುಷಾಯಿಗೂಡದ ಮಾರ್ಗವಾಗಿ ಚೆರ್ಲಪಲ್ಲಿಯತ್ತ ಹೋಗುವ ರಸ್ತೆಯ ವಾಹನಸಂದಣಿಯನ್ನು ನಮ್ಮ ವಾಚಕರಿಗೆ ವರ್ಣಿಸಿ ಹೇಳಬೇಕಾದುದಿಲ್ಲ. 1967ರಲ್ಲಿ ಇ.ಸಿ.ಐ.ಎಲ್. ಸಂಸ್ಥೆ ಸ್ಥಾಪಿತವಾದಂದಿನಿಂದ ಬೆಳೆಯುತ್ತ ಬಂದ ಈ ಪ್ರದೇಶದಲ್ಲಿ ಲಾರಿ, ಬಸ್ಸು, ಆಟೋಗಳಿಗೆ ಮೊದಲೇ ಕೊರತೆಯಿರಲಿಲ್ಲ. 2025ರ ಜನವರಿಯಲ್ಲಿ ಚೆರ್ಲಪಲ್ಲಿಯ ಹೊಸ ರೈಲ್ವೆ ಟರ್ಮಿನಲ್ ಉದ್ಘಾಟನೆಯಾದ ಮೇಲೆ ಪ್ರಯಾಣಿಕರ ಗಾಡಿಗಳೂ ಸೇರಿಕೊಂಡಿವೆ. ಈ ಸಂದಣಿಯ ನಡುವೆ, ಬೆಳಗಿನ ನಾಲ್ಕಕ್ಕೆ ಇಡ್ಲಿಯ ಒಲೆ ಹೊತ್ತಿಸಲು ಹೊರಡುವ ಅಡಿಗೆಯವರೂ, ರಾತ್ರಿ ಹನ್ನೊಂದಕ್ಕೆ ಮೇಜು ಒರೆಸಿ ಕೋಣೆಗೆ ಮರಳುವ ಸಪ್ಲಾಯರುಗಳೂ, ಹತ್ತರೊಳಗೆ ಕಚೇರಿ ಸೇರಬೇಕಾದ ಗುಮಾಸ್ತರೂ ಮೋಟಾರ್ ಸೈಕಲುಗಳ ಮೇಲೆಯೇ ಓಡಾಡುತ್ತಿರುವರು. ಅವುಗಳಲ್ಲಿ ಎಷ್ಟಕ್ಕೆ ವಿಮೆಯಿದೆಯೆಂದು ವಿಚಾರಿಸಿದರೆ ದೊರೆಯುವ ಉತ್ತರವು ಸಮಾಧಾನಕರವಾಗಿಲ್ಲ. ಇದು ನಮ್ಮವರೊಬ್ಬರ ದೋಷವೂ ಅಲ್ಲ. ಸಂಸತ್ತಿನ ಹಣಕಾಸು ಸ್ಥಾಯಿ ಸಮಿತಿಯು 2024ರಲ್ಲಿ ಒಪ್ಪಿಸಿದ ವರದಿಯ ಪ್ರಕಾರ ದೇಶದ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ವಿಮೆಯಿಲ್ಲದೆಯೇ ಇವೆ.

ಕಾನೂನಾದರೋ ನಿನ್ನೆ ಮೊನ್ನೆಯದಲ್ಲ. 1939ರ ಮೋಟಾರು ವಾಹನಗಳ ಕಾಯಿದೆಯ ವಿಮೆಯ ಅಧ್ಯಾಯವು 1946ರ ಜುಲೈ 1ರಿಂದಲೇ ಜಾರಿಗೆ ಬಂದಿತ್ತು. ಈಗಿರುವ 1988ರ ಕಾಯಿದೆಯ 146ನೆಯ ಕಲಮೂ ಅದನ್ನೇ ಹೇಳುತ್ತದೆ: ಪರರಿಗೆ ಆಗಬಹುದಾದ ಹಾನಿಗೆ ವಿಮೆಯಿಲ್ಲದೆ ಯಾವ ಗಾಡಿಯೂ ರಸ್ತೆಗೆ ಇಳಿಯತಕ್ಕದ್ದಲ್ಲ. ‘ಪರರಿಗೆ’ ಎಂಬ ಈ ಮಾತನ್ನೇ ನಮ್ಮ ಜನ ಮರೆಯುತ್ತಾರೆಂದು ತೋರುತ್ತದೆ. “ನನ್ನ ಹಳೆಯ ಗಾಡಿ ಮಾರಿದರೆ ಹತ್ತು ಸಾವಿರ ಹುಟ್ಟದು, ಅದಕ್ಕೆ ವರ್ಷವರ್ಷವೂ ವಿಮೆಯೇಕೆ?” ಎಂದು ಕೇಳುವವರಿದ್ದಾರೆ. ಥರ್ಡ್ ಪಾರ್ಟಿ ವಿಮೆಯು ಗಾಡಿಯ ಬೆಲೆಗಾಗಿ ಇರುವುದಲ್ಲ. ಆ ಗಾಡಿಯ ಚಕ್ರಕ್ಕೆ ಸಿಕ್ಕುವ ಮನುಷ್ಯನಿಗಾಗಿ ಇರುವುದು. ಹತ್ತು ಸಾವಿರದ ಗಾಡಿಯಾದರೂ ಲಕ್ಷಗಟ್ಟಲೆ ದುಡಿಯಬೇಕಾಗಿದ್ದ ಕಾಲನ್ನು ಮುರಿಯಬಲ್ಲುದು.

ವೆಚ್ಚದ ವಿಷಯವನ್ನೂ ನೋಡೋಣ. ನಮ್ಮವರಲ್ಲಿ ಹೆಚ್ಚಾಗಿ ಇರುವುದು 75ರಿಂದ 150 ಸಿ.ಸಿ.ಯೊಳಗಿನ ಗಾಡಿಗಳು. ಇವಕ್ಕೆ 2022ರ ಜೂನ್ 1ರಿಂದ ಕೇಂದ್ರ ಸರಕಾರವು ಗೊತ್ತುಪಡಿಸಿದ ಥರ್ಡ್ ಪಾರ್ಟಿ ದರವು ವರ್ಷಕ್ಕೆ 714 ರೂಪಾಯಿ. ಇದರ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ. ಸೇರಿದರೆ ಸುಮಾರು 843 ರೂಪಾಯಿ ಆಗುತ್ತದೆ. ದಿನವೊಂದಕ್ಕೆ 2 ರೂಪಾಯಿ 30 ಪೈಸೆಯಷ್ಟು. ಒಂದು ಲೋಟ ಚಹಾ ಈ ದರಕ್ಕೆ ಯಾವ ಹೋಟೆಲಿನಲ್ಲಿ ದೊರೆಯುವುದೋ ನಾವು ಕಾಣೆವು. ವಿಮೆಯಿಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಸೆರೆಮನೆ ಅಥವಾ ಎರಡೂ. ಮರಳಿ ಸಿಕ್ಕಿದರೆ ದಂಡ 4,000. ಹೀಗಿದ್ದರೂ, ಕಾನೂನೇ ಬಲವಂತವಾಗಿ ಕೊಳ್ಳಿಸುವ ವಿಮೆಗೆ ನೂರಕ್ಕೆ 18 ತೆರಿಗೆ ಹಾಕುವುದು ನ್ಯಾಯವಲ್ಲವೆಂದೇ ನಮ್ಮ ಅಭಿಪ್ರಾಯ.

ತೊಡಕು ಹುಟ್ಟುವುದು ಇನ್ನೊಂದು ಕಡೆ. 2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷಗಳ ಥರ್ಡ್ ಪಾರ್ಟಿ ವಿಮೆಯನ್ನು ಅಂಗಡಿಯಲ್ಲಿಯೇ ಒಟ್ಟಿಗೆ ಕಟ್ಟಿಸಿಕೊಳ್ಳುತ್ತಾರೆ. ಆ ಐದು ವರ್ಷ ಮುಗಿದುದು ಯಾರ ನೆನಪಿನಲ್ಲಿಯೂ ಇರುವುದಿಲ್ಲ. ಅಷ್ಟರಲ್ಲಿ ಗಾಡಿಯು ಕೈ ಬದಲಾಯಿಸಿರುವುದೂ ಉಂಟು. ಬೀದರದಿಂದಲೋ ಕಲಬುರಗಿಯಿಂದಲೋ ಉಡುಪಿಯಿಂದಲೋ ತಂದ ಕೆ.ಎ. 38, ಕೆ.ಎ. 32, ಕೆ.ಎ. 20ರ ಗಾಡಿಗಳು ಇಲ್ಲಿನ ಹೋಟೆಲುಗಳ ಹಿಂದಿನ ಓಣಿಗಳಲ್ಲಿ ಸಾಲಾಗಿ ನಿಂತಿರುವುದನ್ನು ಯಾರಾದರೂ ನೋಡಬಹುದು. ಕೆಲಸ ಬಿಟ್ಟು ಊರಿಗೆ ಹೊರಟ ಅಡಿಗೆಭಟ್ಟರು ಜೊತೆಯ ಹುಡುಗನಿಗೆ “ತಗೋ ಮಾರಾಯ, ನೀನೇ ಇಟ್ಟುಕೋ” ಎಂದು ಎಂಟು ಸಾವಿರಕ್ಕೆ ಗಾಡಿಯನ್ನು ಕೊಟ್ಟುಬಿಡುತ್ತಾರೆ. ಬೀಗದ ಕೈ, ಆರ್.ಸಿ. ಕೊಟ್ಟರೆ ವ್ಯಾಪಾರ ಮುಗಿಯಿತೆಂದು ಇಬ್ಬರ ಎಣಿಕೆ. ಆ ಹುಡುಗ ಎರಡು ವರ್ಷಗಳ ಮೇಲೆ ಅದನ್ನು ಮತ್ತೊಬ್ಬನಿಗೆ ದಾಟಿಸುತ್ತಾನೆ. ಭಟ್ಟರ ಹೆಸರು ಮಾತ್ರ ಆರ್.ಸಿ.ಯಲ್ಲಿ ಹಾಗೆಯೇ ಉಳಿದಿರುತ್ತದೆ.

ಇದರ ಪರಿಣಾಮವನ್ನು ಸರ್ವೋಚ್ಚ ನ್ಯಾಯಾಲಯವು 2018ರ ಒಂದು ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ಗಾಡಿಯು ಎಷ್ಟು ಕೈ ದಾಟಿದ್ದರೂ, ಅಪಘಾತದ ದಿನ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲಿಕನೆಂದೂ ಪರಿಹಾರಕ್ಕೆ ಹೊಣೆಯೆಂದೂ ಅದರ ತಾತ್ಪರ್ಯ. ವಿಮೆ ಚಾಲ್ತಿಯಲ್ಲಿದ್ದರೆ ಅಷ್ಟು ಭಯವಿಲ್ಲ. ಥರ್ಡ್ ಪಾರ್ಟಿಯ ಮಟ್ಟಿಗೆ ಅದು ಗಾಡಿಯೊಡನೆಯೇ ಹೊಸ ಮಾಲಿಕನಿಗೆ ಸಲ್ಲುತ್ತದೆಂದು 157ನೆಯ ಕಲಮು ಹೇಳುತ್ತದೆ, ಆತನು ಹದಿನಾಲ್ಕು ದಿನಗಳೊಳಗೆ ಕಂಪನಿಗೆ ತಿಳಿಸಿ ಹೆಸರು ಬದಲಾಯಿಸಿಕೊಳ್ಳಬೇಕಷ್ಟೆ. ವಿಮೆ ತೀರಿಹೋಗಿದ್ದಲ್ಲಿ, ಕುಷಾಯಿಗೂಡದಲ್ಲಿ ಯಾರೋ ಮಾಡಿದ ಅಪಘಾತಕ್ಕೆ ನ್ಯಾಯಾಲಯದ ನೋಟೀಸು ಕುಂದಾಪುರದ ಹಳ್ಳಿಯೊಂದರಲ್ಲಿ ಅಡಕೆ ಸುಲಿಯುತ್ತ ಕುಳಿತ ಭಟ್ಟರ ಬಾಗಿಲಿಗೆ ಹೋಗಿ ಮುಟ್ಟುವುದು. ಗಾಡಿ ಮಾರುವವರು ಫಾರಂ 29, 30ಕ್ಕೆ ಸಹಿ ಹಾಕಿದರೆ ಸಾಲದು. ಹೆಸರು ವರ್ಗವಾದುದನ್ನು ಕಣ್ಣಾರೆ ಕಂಡುಕೊಳ್ಳಬೇಕು.

ಹನ್ನೆರಡು ತಿಂಗಳಿಗಿಂತ ಹೆಚ್ಚುಕಾಲ ಇಲ್ಲಿ ಇಟ್ಟುಕೊಂಡ ಪರರಾಜ್ಯದ ಗಾಡಿಗೆ ತೆಲಂಗಾಣದ ನೋಂದಣಿ ಮಾಡಿಸಬೇಕೆಂದೂ ಕಾಯಿದೆಯಿದೆ. ಇಲ್ಲಿ ಆಜೀವ ತೆರಿಗೆಯನ್ನು ಮತ್ತೆ ಕಟ್ಟಬೇಕು, ಅಲ್ಲಿ ಕಟ್ಟಿದುದರ ಉಳಿಕೆಯನ್ನು ಕೇಳಿ ಪಡೆಯಲು ಅಲೆಯಬೇಕು. ಆದುದರಿಂದಲೇ ಜನ ಹಿಂಜರಿಯುವರು. ಕೇಂದ್ರ ಸರಕಾರದ, ಬ್ಯಾಂಕಿನ ನೌಕರರಿಗೆ 2021ರಿಂದ ಬಿ.ಎಚ್. ನೋಂದಣಿಯ ಅನುಕೂಲವಿದೆ, ಹೋಟೆಲಿನ ಮಾಣಿಗೆ ಅದಿಲ್ಲ. ಊರೂರು ಅಲೆದು ದುಡಿಯುವುದು ಯಾರೆಂಬುದನ್ನು ದಿಲ್ಲಿಯವರು ಇನ್ನೂ ತಿಳಿಯಬೇಕಾಗಿದೆ. ಆದರೆ ಕೆ.ಎ. ನಂಬರಿನ ಗಾಡಿಗೂ ವಿಮೆಯನ್ನು ಇಲ್ಲಿಯೇ ಕುಳಿತು ಕಟ್ಟಬಹುದು, ಅದು ಭಾರತದಾದ್ಯಂತ ಸಲ್ಲುತ್ತದೆ. ಆದ್ದರಿಂದ ನೋಂದಣಿಯ ತೊಂದರೆಯನ್ನು ವಿಮೆ ಕಟ್ಟದಿರುವುದಕ್ಕೆ ನೆಪವಾಗಿ ಹೇಳಲಾಗದು.

ಇನ್ನು, ವಿಮೆಯಿಲ್ಲದವನ ಗಾಡಿ ನಮ್ಮವರಿಗೆ ತಾಗಿದರೆ ಏನು ಗತಿ? ರಸ್ತೆಯಲ್ಲಿ ನಾಲ್ಕು ಜನ ಸೇರಿ, ಎರಡು ಮೂರು ಸಾವಿರ ಕೈಯಲ್ಲಿಟ್ಟು, “ಹೋಗಲಿ ಬಿಡಿ” ಎಂದು ರಾಜಿ ಮಾಡಿಸುವುದೇ ವಾಡಿಕೆ. ಭಾಷೆ ಬಾರದ ಹುಡುಗನು ಪೊಲೀಸರ ಗೊಡವೆ ಬೇಡವೆಂದು ಒಪ್ಪಿಕೊಳ್ಳುತ್ತಾನೆ. ಮೂಳೆ ಬಿರಿದಿರುವುದು ಮರುದಿನ ಎಕ್ಸ್‌ರೇ ತೆಗೆದ ಮೇಲೆ ಗೊತ್ತಾಗುತ್ತದೆ. ಇಂಥ ರಾಜಿಗೆ ಒಪ್ಪಬಾರದು. ಗಾಡಿಯ ನಂಬರನ್ನು ಬರೆದುಕೊಂಡು, ಫೋಟೋ ತೆಗೆದು, ಠಾಣೆಯಲ್ಲಿ ದೂರು ಕೊಡಬೇಕು. ವಿಮೆಯಿದೆಯೋ ಇಲ್ಲವೋ ಎಂಬುದು ಪರಿವಾಹನ್ ದಾಖಲೆಯಲ್ಲಿ ನಂಬರಿನಿಂದಲೇ ತಿಳಿಯುತ್ತದೆ. 2022ರ ನಿಯಮಗಳಂತೆ ಪೊಲೀಸರು 48 ಗಂಟೆಗಳೊಳಗೆ ಪ್ರಥಮ ಅಪಘಾತ ವರದಿಯನ್ನು ಪರಿಹಾರ ನ್ಯಾಯಮಂಡಳಿಗೆ ಕಳುಹಿಸತಕ್ಕದ್ದು. 2025ರ ಮೇ ತಿಂಗಳಿನಿಂದ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿಯ ಮಿತಿಯಲ್ಲಿ, ನಗದು ಕೊಡದೆ ಚಿಕಿತ್ಸೆ ಪಡೆಯುವ ಯೋಜನೆಯೂ ಜಾರಿಯಲ್ಲಿದೆ.

ಪರಿಹಾರದ ದಾವೆಯಲ್ಲಿ ತಪ್ಪು ಯಾರದೆಂದು ಸಾಧಿಸದೆಯೇ 164ನೆಯ ಕಲಮಿನಂತೆ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿಯನ್ನು ಕೇಳಬಹುದು. ವಿಮಾ ಕಂಪನಿಯಿಲ್ಲದಿದ್ದರೆ ಮಾಲಿಕನೇ ತೆರಬೇಕು. ಅವನು ಬಡವನಾದರೆ ತೀರ್ಪು ಬರಿಯ ಕಾಗದವಾಗಿ ಉಳಿಯುವುದೂ ನಿಜವೇ. ಈ ಕಾರಣದಿಂದಲೇ, ವಿಮೆಯಿಲ್ಲದೆ ಅಪಘಾತ ಮಾಡಿದ ಗಾಡಿಯನ್ನು ಭದ್ರತೆ ಕೊಡದ ಹೊರತು ಬಿಡಬಾರದು, ಹರಾಜು ಹಾಕಿ ಹಣವನ್ನು ನ್ಯಾಯಮಂಡಳಿಗೆ ಕಟ್ಟಬೇಕು ಎಂಬ ನಿಯಮವನ್ನು ರಾಜ್ಯಗಳು ಮಾಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ನಿರ್ದೇಶಿಸಿತು. ಗಾಡಿಯನ್ನು ಠಾಣೆಯಿಂದ ಬಿಡಿಸಿಕೊಂಡು ಹೋಗುವ ಮೊದಲೇ ವಕೀಲರ ಮೂಲಕ ಈ ಮಾತನ್ನೆತ್ತಬೇಕು. ಗುದ್ದಿ ಓಡಿಹೋದವನು ಯಾರೆಂದೇ ತಿಳಿಯದ ಸಂದರ್ಭಕ್ಕೆ ಬೇರೆ ಯೋಜನೆಯಿದೆ: ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ.

ಹಿಂದೆ ಕುಳಿತು ಹೋಗುವವರಿಗೆ ಒಂದು ಮಾತು. ಬರಿಯ ಥರ್ಡ್ ಪಾರ್ಟಿ ವಿಮೆಯು ಹಿಂದಿನ ಸವಾರನಿಗೆ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 2006ರಲ್ಲಿಯೇ ಹೇಳಿದೆ. ರಾತ್ರಿ ಒಂದೇ ಗಾಡಿಯ ಮೇಲೆ ಕೋಣೆಗೆ ಮರಳುವವರು ಇದನ್ನು ಅರಿತಿರಬೇಕು. ಕಂಪನಿಗೆ ಸ್ವಲ್ಪ ಹೆಚ್ಚು ಹಣ ತೆತ್ತು ಹಿಂದಿನವನನ್ನೂ ಸೇರಿಸಿಕೊಳ್ಳಬಹುದು. ಓಡಿಸುವ ಮಾಲಿಕನಿಗೆ 15 ಲಕ್ಷದ ಅಪಘಾತ ವಿಮೆಯು ಬೇರೆಯೇ ಇದೆ, ಅದನ್ನೂ ಬಿಡಬಾರದು.

ಕೊನೆಯದಾಗಿ ಹೋಟೆಲು ಮಾಲಿಕರಿಗೆ. ಈ ವೃತ್ತಿಯಲ್ಲಿ ಬೆಳೆದ ನಾವು ಅವರ ಕಷ್ಟಗಳನ್ನು ಬಲ್ಲೆವು. ಗ್ಯಾಸು, ಬಾಡಿಗೆ, ತರಕಾರಿಗಳ ಬೆಲೆಯನ್ನೂ ಬಲ್ಲೆವು. ಆದರೆ ಬೋವೆನ್‌ಪಲ್ಲಿಯ ಮಾರುಕಟ್ಟೆಗೆ ಬೆಳಗಾಗುವ ಮೊದಲೇ ಹುಡುಗನನ್ನು ತರಕಾರಿಗೆ ಅಟ್ಟುವ ಸ್ಕೂಟರಿಗೆ ವಿಮೆಯಿಲ್ಲದಿರುವುದಕ್ಕೆ ಯಾವ ಕಷ್ಟವೂ ಸಮಾಧಾನವಾಗದು. ಕಲ್ಲಿಗೆ ಎಣ್ಣೆ ಹಾಕುವಷ್ಟು ಸಲೀಸಾಗಿ ತೆರಬಹುದಾದ ಹಣವದು. ಹುಡುಗರ ಸ್ವಂತ ಗಾಡಿಗಳ ವಿಮೆಯನ್ನೂ ಮಾಲಿಕರೇ ಕಟ್ಟಿ, ತಿಂಗಳಿಗೆ 70 ರೂಪಾಯಿಯಂತೆ ಪಗಾರದಲ್ಲಿ ಮುರಿದುಕೊಳ್ಳುವ ಏರ್ಪಾಡನ್ನು ಇಲ್ಲಿನ ಹೋಟೆಲಿನವರು ಕೂಡಿ ಆಲೋಚಿಸಬೇಕೆಂದು ನಾವು ಸೂಚಿಸುತ್ತೇವೆ. ಪಾಲಿಸಿ ತೀರುವ ತಾರೀಖುಗಳನ್ನು ಗಲ್ಲಾಪೆಟ್ಟಿಗೆಯ ಹಿಂದಿನ ಕ್ಯಾಲೆಂಡರಿನಲ್ಲಿ ಹಾಲಿನವನ ಲೆಕ್ಕದ ಪಕ್ಕದಲ್ಲಿಯೇ ಗುರುತುಹಾಕಿಟ್ಟರಾಯಿತು.