ಯಂತ್ರದ ನಾಡಿ

ಸಂತೆಯಲ್ಲಿ ಮಡಕೆ ಕೊಳ್ಳುವವರು ಅದನ್ನು ಬೆರಳಿನಿಂದ ತಟ್ಟಿ ನೋಡುತ್ತಾರೆ. ಕಂಚಿನಂತೆ ನಾದ ಹೊಮ್ಮಿದರೆ ಮಡಕೆ ಗಟ್ಟಿ; ಒಡಕು ದನಿ ಬಂದರೆ ಕಣ್ಣಿಗೆ ಕಾಣದ ಸೀಳು ಎಲ್ಲಿಯೋ ಇದೆಯೆಂದು ಅರ್ಥ. ರೈಲ್ವೆಯಲ್ಲಿಯೂ ಒಂದು ಕಾಲಕ್ಕೆ ಇದೇ ವಿದ್ಯೆ ನಡೆಯುತ್ತಿತ್ತು. ಗಾಡಿ ನಿಲ್ದಾಣದಲ್ಲಿ ನಿಂತಾಗ ನೌಕರನೊಬ್ಬನು ಉದ್ದ ಹಿಡಿಯ ಸುತ್ತಿಗೆಯಿಂದ ಗಾಲಿಗಳನ್ನು ಒಂದೊಂದಾಗಿ ತಟ್ಟುತ್ತ, ಅವುಗಳ ದನಿಯನ್ನು ಆಲಿಸುತ್ತ ಸಾಗುತ್ತಿದ್ದನು. ಕೇಡು ಒದಗಿದ ಮೇಲೆ ಮರುಗುವುದಕ್ಕಿಂತ ಅದರ ಸುಳಿವನ್ನು ಮೊದಲೇ ಅರಿಯುವುದು ಲೇಸೆಂಬ ವಿವೇಕ ಹೊಸದೇನೂ ಅಲ್ಲ.

ಬೆಂಗಳೂರಿನ ಉತ್ತರಕ್ಕಿರುವ ಕೊಡಿಗೇಹಳ್ಳಿಯ ಸುತ್ತಣ ಪ್ರದೇಶವು ಯಂತ್ರಗಳ ಬೀಡೇ ಸರಿ. ಪಶ್ಚಿಮದ ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್.ಎಂ.ಟಿ.ಯೂ 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ ತಲೆಯೆತ್ತಿದವು. ಅದರಾಚೆಯ ಪೀಣ್ಯದಲ್ಲಿ ಸಾವಿರಾರು ಸಣ್ಣ ಕಾರ್ಖಾನೆಗಳಿವೆ. ಕೊಡಿಗೇಹಳ್ಳಿಯನ್ನು ಹಾದು ಉತ್ತರಕ್ಕೆ ಸಾಗುವ ರೈಲುಹಾದಿ ಯಲಹಂಕವನ್ನು ಮುಟ್ಟುತ್ತದೆ. ಅಲ್ಲಿ 1984ರಿಂದ ರೈಲು ಗಾಲಿಗಳೂ ಅಚ್ಚುಗಳೂ ತಯಾರಾಗುತ್ತಿವೆ. ಇಂತಹ ಎಡೆಯಲ್ಲಿ ಯಂತ್ರವೊಂದು ಹಠಾತ್ತನೆ ಕೆಟ್ಟರೆ ಕೆಲಸ ನಿಲ್ಲುವುದಷ್ಟೇ ಅಲ್ಲ, ದಿನಗೂಲಿಯವನ ಒಲೆಯೂ ಆರುತ್ತದೆ. ಒಮ್ಮೊಮ್ಮೆ ಪ್ರಾಣಕ್ಕೇ ಕುತ್ತು ಬರುತ್ತದೆ.

ಯಂತ್ರಪಾಲನೆಯಲ್ಲಿ ಮೂರು ಬಗೆಗಳುಂಟು. ಕೆಟ್ಟ ಮೇಲೆ ರಿಪೇರಿ ಮಾಡುವುದು ಮೊದಲನೆಯದು. ಕೆಡಲಿ ಬಿಡಲಿ, ಗೊತ್ತಾದ ದಿನದಂದು ಬಿಚ್ಚಿ ನೋಡುವುದು ಎರಡನೆಯದು. ಇದು ಮೇಲೆನಿಸಿದರೂ ದೋಷರಹಿತವಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ವಿಮಾನಗಳ ದುರಸ್ತಿಯ ದಾಖಲೆಗಳನ್ನು ಪರಿಶೀಲಿಸಿದ ವಿಜ್ಞಾನಿ ವಾಡಿಂಗ್ಟನ್ ಮತ್ತು ಅವರ ಸಂಗಡಿಗರು, ನಿಯತ ತಪಾಸಣೆಯಾದ ಒಡನೆಯೇ ತೊಂದರೆಗಳು ಹೆಚ್ಚುತ್ತಿದ್ದುದನ್ನು ಕಂಡರು. ನೆಟ್ಟಗಿದ್ದುದನ್ನು ಬಿಚ್ಚಿ ಕೂಡಿಸುವಾಗ ಹೊಸ ದೋಷಗಳು ಹೊಕ್ಕುತ್ತಿದ್ದವು! ಯಂತ್ರದ ಸ್ಥಿತಿಯನ್ನರಿತು ಅಗತ್ಯ ಬಿದ್ದಾಗಲೇ ಉಪಚರಿಸುವುದು ಮೂರನೆಯ ಬಗೆ. ಇದೇ ಮುನ್ಸೂಚಕ ನಿರ್ವಹಣೆ.

ವೈದ್ಯನು ನಾಡಿ ಹಿಡಿದು ನೋಡುವಂತೆ ಸಂವೇದಕಗಳೆಂಬ ಪುಟ್ಟ ಸಾಧನಗಳು ಯಂತ್ರದ ಕಂಪನವನ್ನೂ ಶಾಖವನ್ನೂ ಅದು ಸೆಳೆಯುವ ವಿದ್ಯುತ್ತನ್ನೂ ಎಡೆಬಿಡದೆ ಅಳೆಯುತ್ತವೆ. ಬೇರಿಂಗಿನ ಗುಂಡು ಸವೆಯತೊಡಗಿದರೆ ಕಂಪನದ ಲಯ ಬದಲಾಗುತ್ತದೆ. ಎಣ್ಣೆಯಲ್ಲಿ ಲೋಹದ ಕಣಗಳು ಕಾಣಿಸಿಕೊಳ್ಳುತ್ತವೆ. ಗಣಕಯಂತ್ರವು ಈ ಲಕ್ಷಣಗಳನ್ನು ಹಿಂದಿನ ಅನುಭವದೊಡನೆ ಹೋಲಿಸಿ ಎಚ್ಚರಿಕೆ ನೀಡುತ್ತದೆ. ತುಮಕೂರು ರಸ್ತೆಯಲ್ಲಿ 1962ರಲ್ಲಿ ಆರಂಭವಾದ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆಯು ಇಂದು ಇಂತಹ ನೂತನ ವಿಧಾನಗಳನ್ನು ಉದ್ಯಮಿಗಳಿಗೆ ಪರಿಚಯಿಸುತ್ತಿದೆ. ಹಳೆಯ ಲೇತುಗಳಿಗೂ ಸಂವೇದಕಗಳನ್ನು ಜೋಡಿಸಲು ಸಾಧ್ಯವಿರುವುದರಿಂದ ಇದು ಸಿರಿವಂತರ ಸೊತ್ತಾಗಿಯೇ ಉಳಿಯಬೇಕಾಗಿಲ್ಲ.

ಆದರೆ ಎಚ್ಚರಿಕೆ ದೊರೆತ ಮಾತ್ರಕ್ಕೆ ಅಪಾಯ ತಪ್ಪೀತೆ? 1984ರ ಡಿಸೆಂಬರಿನಲ್ಲಿ ಭೋಪಾಲದ ಕೀಟನಾಶಕ ಕಾರ್ಖಾನೆಯಿಂದ ವಿಷಾನಿಲ ಸೋರಿ ಸಹಸ್ರಾರು ಜನ ಮಡಿದರು. ತೊಟ್ಟಿಯಲ್ಲಿದ್ದ ವಿಷದ್ರವವನ್ನು ತಂಪಾಗಿಡಬೇಕಾದ ಯಂತ್ರವನ್ನು ಅದಕ್ಕೆ ಬಹು ಮೊದಲೇ ನಿಲ್ಲಿಸಲಾಗಿತ್ತು. ಸೋರುವ ಅನಿಲವನ್ನು ಸುಡಬೇಕಾದ ಗೋಪುರವೂ ಕೆಟ್ಟು ಕುಳಿತಿತ್ತು. ಅಲ್ಲಿ ಕೊರತೆಯಾದುದು ತಿಳಿವಳಿಕೆಯಲ್ಲ, ತಿಳಿದುದನ್ನು ಗಣನೆಗೆ ತಂದುಕೊಳ್ಳುವ ಮನಸ್ಸು. ಇಂದಿನ ಸಂವೇದಕವು ಎಷ್ಟೇ ಸೂಕ್ಷ್ಮವಾಗಿರಲಿ, ಸರಕನ್ನು ನಾಳೆಯೇ ಒಪ್ಪಿಸಬೇಕೆಂಬ ಆತುರದಲ್ಲಿ ಅದರ ಸೂಚನೆಯನ್ನು ಕಡೆಗಣಿಸಿದರೆ ಅದು ಗೋಡೆಯ ಮೇಲಿನ ಅಲಂಕಾರವಾದೀತು.

ಆದುದರಿಂದ ಹೊಸ ಉಪಕರಣದೊಡನೆ ಎರಡು ನಿಯಮಗಳೂ ಕಾರ್ಖಾನೆಯನ್ನು ಪ್ರವೇಶಿಸಬೇಕು. ಅಪಾಯದ ಸುಳಿವು ಸಿಕ್ಕೊಡನೆ ಯಂತ್ರವನ್ನು ನಿಲ್ಲಿಸುವ ಅಧಿಕಾರ ಅದರ ಬಳಿ ನಿಂತು ದುಡಿಯುವವನಿಗೆ ಇರಬೇಕು. ಹಾಗೆ ನಿಲ್ಲಿಸಿದುದಕ್ಕಾಗಿ ಅವನ ಕೂಲಿಗೆ ಕತ್ತರಿ ಬೀಳಬಾರದು. ಅಂತೆಯೇ, ಇಪ್ಪತ್ತು ವರ್ಷ ಒಂದೇ ಯಂತ್ರದ ಸದ್ದನ್ನು ಕೇಳಿದ ಕುಶಲಕರ್ಮಿಯ ಅನುಭವವನ್ನು ಮೂಲೆಗೆ ತಳ್ಳದೆ, ಗಣಕಯಂತ್ರಕ್ಕೆ ಪಾಠ ಹೇಳುವಾಗ ಅವನನ್ನೂ ಗುರುವಾಗಿ ಕರೆಯಬೇಕು. ಮುಂದೆ ನಿಮ್ಮಲ್ಲಿ ಕೆಲವರು ಕಾರ್ಖಾನೆಗಳ ಒಡೆಯರಾಗಬಹುದು, ಕೆಲವರು ಕಾರ್ಮಿಕರಾಗಬಹುದು. ಎಚ್ಚರಿಕೆಯ ದೀಪ ಬೆಳಗಿದಾಗ ಯಂತ್ರದಿಂದ ಬರುವ ಲಾಭಕ್ಕಿಂತ ಅದರ ಬಳಿ ನಿಂತಿರುವವನ ಜೀವ ದೊಡ್ಡದೆಂಬುದನ್ನು ಇಬ್ಬರೂ ನೆನೆಯಬೇಕು.